ಎನೊಕಿ ಅಣಬೆನ ಸಾಂಬಾರಿಗೆ ಹಾಕಿ ಕೆಟ್ಟೆ, ಇದನ್ನ ಹೇಗೆ ತಿನ್ನೋದು?

ನಿಶಿಕಸಾಯ್_ಸೊಸೆ:

ಎಲ್ರಿಗೂ ನಮಸ್ಕಾರ, ಟೋಕಿಯೋಗೆ ಬಂದು ನಾಲ್ಕು ತಿಂಗಳಾಯ್ತು, ನಿಶಿ ಕಸಾಯಲ್ಲಿ ಮನೆ. ಇಲ್ಲಿ ನಮ್ಮ ದೇಶದೋರು ಜಾಸ್ತಿ ಇರೋದ್ರಿಂದ ಬೇಳೆ, ಸಾಂಬಾರ್ ಪುಡಿ, ಹುಣಸೆಹಣ್ಣಿಗೆಲ್ಲ ತೊಂದ್ರೆ ಇಲ್ಲ, ಆದ್ರೆ ತರಕಾರಿ ರೇಟ್ ನೋಡಿದ್ರೆ ಎದೆ ಧಸಕ್ ಅನ್ನತ್ತೆ, ಬೆಂಡೆಕಾಯಿನ ಒಡವೆ ಥರ ಎಂಟೆಂಟು ಎಣಿಸಿ ಬಲೆ ಚೀಲದಲ್ಲಿ ಹಾಕಿಟ್ಟಿರ್ತಾರೆ. ಅಗ್ಗಕ್ಕೆ ಸಿಗೋದು ಅಂದ್ರೆ ಹೆಸರುಕಾಳಿನ ಮೊಳಕೆ ಮತ್ತೆ ಈ ಎನೊಕಿ ಅಣಬೆ, 200 ಗ್ರಾಂ ಪ್ಯಾಕೆಟ್ ನಮ್ಮ ಬೀದಿ ಅಂಗಡೀಲಿ 100 ಯೆನ್ ಆಸುಪಾಸು. ಅದ್ರ ಮೇಲೆ ಪಕ್ಕದ ಮನೆ ಅಜ್ಜಿ ನಮ್ಮೂರಿಂದ ಬಂತು ಅಂತ ಮೂರು ಪ್ಯಾಕೆಟ್ ತಂದು ಕೊಟ್ರು, ಅವ್ರೂರು ನಗಾನೊ ಅಂತೆ, ಬೇಡ ಅನ್ನೋಕೆ ನಂಗೆ ಭಾಷೆ ಬರಲ್ಲ.

ಅಣಬೆ ತಾನೆ ಅಂದ್ಕೊಂಡು ಹೆಚ್ಚಿ ಬೇಳೆ ಜೊತೆ ಕುಕ್ಕರಿಗೆ ಹಾಕಿ ಮೂರು ವಿಶಲ್ ಕೂಗಿಸ್ದೆ. ಏನ್ ಹೇಳ್ಲಿ. ಸಾಂಬಾರ್ ತುಂಬಾ ದಾರ. ನಮ್ಮೆಜಮಾನ್ರು ಊಟ ಮುಗಿಸಿ ಅರ್ಧ ಗಂಟೆ ಹಲ್ಲು ಚುಚ್ಕೊಂಡು ಕೂತಿದ್ರು, ಮಾತಾಡ್ಲಿಲ್ಲ, ಅದೇ ಜಾಸ್ತಿ ಬೇಜಾರು. ಅಮ್ಮಂಗೆ ವಿಡಿಯೋ ಕಾಲಲ್ಲಿ ತೋರಿಸಿದ್ರೆ "ಅದೇನೇ, ಹೂಬತ್ತಿ ಕಟ್ಟಿಟ್ಟಂಗಿದೆ, ದೇವ್ರ ಮುಂದೆ ಹಚ್ಚು" ಅಂದ್ರು.

ಈಗ ಪ್ರಶ್ನೆ. ಇದ್ರಲ್ಲಿ ನಿಜವಾಗ್ಲೂ ಏನಾದ್ರೂ ಸತ್ವ ಇದ್ಯಾ ಇಲ್ಲ ಬರೀ ನೀರಾ? ಇಷ್ಟು ಬೆಳ್ಳಗೆ ಇರತ್ತಲ್ಲ, ಏನಾದ್ರೂ ಹಾಕಿ ಬಿಳಿ ಮಾಡ್ತಾರಾ? ನಮ್ಮ ಬಾಯಿಗೆ ಹೊಂದೋ ಥರ ಹೇಗೆ ಮಾಡೋದು? ನಾವು ಸಸ್ಯಾಹಾರಿಗಳು, ಮೊಟ್ಟೆ ನಡೆಯತ್ತೆ. ಅಜ್ಜಿ ಮನೇಲಿ ಇದನ್ನ ಹಾಕಿ ಮಿಸೊ (ಹುದುಗಿಸಿದ ಸೋಯಾ ಪೇಸ್ಟು) ಸೂಪ್ ಕೊಟ್ಟಿದ್ರು, ರುಚಿಯಾಗಿತ್ತು ಆದ್ರೆ ಕುಡಿದ ಮೇಲೆ ಏನೋ ಮೀನಿನ ವಾಸನೆ ಬಂತು ಅನ್ನಿಸ್ತು, ನನ್ನ ಭ್ರಮೇನೋ ಏನೋ.

ಹಿಮದೂರಿನವ:

ಭ್ರಮೆ ಅಲ್ಲ ಮೇಡಂ, ಮೀನೇ ಅದು. ಜಪಾನಲ್ಲಿ ಮಿಸೊ ಸೂಪಿನ ತಳದಲ್ಲಿ ಇರೋದು ದಾಶಿ ಅನ್ನೋ ಸಾರು, ಅದನ್ನ ಹೆಚ್ಚಾಗಿ ಒಣಗಿಸಿ ಹೊಗೆ ಹಾಕಿದ ಕತ್ಸುಓ ಮೀನಿನ ಸಿಪ್ಪೆ ಥರದ ಚೂರಿಂದ ತೆಗೀತಾರೆ, ಸೂಪಲ್ಲಿ ಕಣ್ಣಿಗೆ ಏನೂ ಕಾಣಲ್ಲ. ನಾನು 11 ವರ್ಷದಿಂದ ನಗಾನೊಲೇ ಇದೀನಿ, ಮೊದಲ ಆರು ತಿಂಗಳು ನನಗೂ ಗೊತ್ತಿರ್ಲಿಲ್ಲ, ಗೊತ್ತಾದಾಗ ಅಮ್ಮಂಗೆ ಹೇಳ್ಲಿಲ್ಲ ಅಷ್ಟೆ.

ಬಿಳಿ ಬಣ್ಣದ ವಿಷಯ ಮೊದಲು ಹೇಳ್ಬಿಡ್ತೀನಿ, ಏನೂ ಹಾಕಲ್ಲ. ಅಟ್ಟದ ಮೂಲೇಲಿ ಆಲೂಗಡ್ಡೆ ಮರೆತಿದ್ರೆ ಉದ್ದುದ್ದ ಬೆಳ್ಳನೆ ಮೊಳಕೆ ಬಂದಿರತ್ತಲ್ಲ, ನೋಡೋಕೆ ಹೆಚ್ಚುಕಮ್ಮಿ ಹಾಗೇ. ಕಾಡಲ್ಲಿ ಬೆಳೆಯೋ ಎನೊಕಿನ ನೋಡಿದ್ರೆ ನೀವು ಅದೇ ಅಣಬೆ ಅಂತ ನಂಬಲ್ಲ, ಕಿತ್ತಳೆ ಕಂದು ಬಣ್ಣ, ಅಗಲ ಟೋಪಿ, ಅಂಟಂಟು, ಗಿಡ್ಡ ಕಾಲು, ಕಾಲಿನ ಬುಡ ಕಪ್ಪು ವೆಲ್ವೆಟ್ ಥರ. ಎನೊಕಿ ಅಂದ್ರೆ ಒಂದು ಮರದ ಹೆಸರು, ಅದ್ರ ಸತ್ತ ಬೊಡ್ಡೆ ಮೇಲೆ ಚಳಿಗಾಲದಲ್ಲಿ ಏಳತ್ತೆ ಅಂತ ಆ ಹೆಸರು ಬಂತು, ಹಳಬರು ಇದಕ್ಕೆ ಹಿಮದ ಅಡಿಯದು ಅನ್ನೋ ಅರ್ಥದ ಹೆಸರಲ್ಲೂ ಕರೀತಾರೆ. ಫಾರ್ಮಲ್ಲಿ ಏನ್ ಮಾಡ್ತಾರೆ ಅಂದ್ರೆ ಮೆಕ್ಕೆಜೋಳದ ದಿಂಡಿನ ಪುಡಿ, ಮರದ ಹೊಟ್ಟು, ಅಕ್ಕಿ ತೌಡು ಇದನ್ನೆಲ್ಲ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಹಬೇಲಿ ಕ್ರಿಮಿ ಸಾಯಿಸಿ, ಬೀಜ ಹಾಕಿ, ಅಣಬೆ ತಲೆ ಹಾಕ್ತಿದ್ದ ಹಾಗೆ ಬಾಟಲಿ ಬಾಯಿಗೆ ಕೊರಳಪಟ್ಟಿ ಥರ ಒಂದು ಹಾಳೆ ಸುತ್ತಿ, ಫ್ರಿಜ್ಜಿನಷ್ಟು ತಣ್ಣನೆ ಕತ್ತಲೆ ಕೋಣೇಲಿ ಇಡ್ತಾರೆ. ಆ ಹಾಳೆ ಒಳಗೆ ಅಣಬೆ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಅಲ್ಲೇ ನಿಲ್ಲತ್ತೆ, ಗಾಳಿ ಸಾಲಲ್ಲ, ಟೋಪಿ ಅರಳಲ್ಲ, ಕಾಲು ಮಾತ್ರ ಮೇಲೆ ಮೇಲೆ ಹೋಗತ್ತೆ. 1980ರ ದಶಕದಲ್ಲಿ ಬೆಳಕು ಬಿದ್ರೂ ಬಣ್ಣ ಬರದ ಬಿಳಿ ತಳಿ ಬಂದ ಮೇಲೆ ಅಂಗಡೀಲಿ ಕಾಣೋದು ಹೆಚ್ಚಾಗಿ ಬಿಳೀನೆ. ನಿಮ್ಮಜ್ಜಿ ನಮ್ಮೂರಿಂದ ಅಂದಿದ್ದಕ್ಕೂ ಅರ್ಥ ಇದೆ, ಜಪಾನಿನ ಎನೊಕೀಲಿ ಅರ್ಧಕ್ಕಿಂತ ಜಾಸ್ತಿ ನಗಾನೊದ್ದೇ. ಇಲ್ಲಿ ನಕಾನೊ ಅಂತ ಒಂದು ಊರಿದೆ, ಅಲ್ಲಿ ಎನೊಕಿ ಅಂದ್ರೆ ನಮ್ಮ ಕಡೆ ತಿಪಟೂರಿಗೆ ತೆಂಗಿನಕಾಯಿ ಇದ್ದ ಹಾಗೆ.

ಇನ್ನು ಕುಕ್ಕರ್ ವಿಷಯ. ದಯವಿಟ್ಟು ಕುಕ್ಕರಿಗೆ ಹಾಕ್ಬೇಡಿ. ಬಟನ್ ಅಣಬೆ ಥರ ಇದು ಮಸಾಲೆ ಹೀರ್ಕೊಂಡು ಮೆತ್ತಗಾಗಲ್ಲ. ಬುಡದಲ್ಲಿ ಹೊಟ್ಟು ಅಂಟಿರೋ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ ಎಸೀರಿ, ಉಳಿದದ್ದನ್ನ ಅಡ್ಡಕ್ಕೆ ಮೂರು ತುಂಡು ಮಾಡಿ, ಆಮೇಲೆ ಕೈಯಲ್ಲಿ ಬಿಡಿಸಿ. ಮೂರು ತುಂಡು ಮಾಡೋದ್ರಲ್ಲೇ ಇದೆ ಗುಟ್ಟು, ಹಲ್ಲಿಗೆ ಸಿಕ್ಕೋದು ಉದ್ದ ಇದ್ರೆ ಮಾತ್ರ. ಸಾರು ಇಳಿಸೋ ಹೊತ್ತಿಗೆ ಹಾಕಿ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿ, ಆಗ ಕರುಕ್ ಕರುಕ್ ಅನ್ನತ್ತೆ. ಇದನ್ನ ತಿನ್ನೋದೇ ಆ ಸದ್ದಿಗೋಸ್ಕರ.

ಎಸೀಬೇಡಿ ಅನ್ನೋ ಭಾಗಾನೂ ಒಂದಿದೆ. ಹೊಟ್ಟಿನ ಭಾಗ ತೆಗೆದ ಮೇಲೆ ಅದಕ್ಕೆ ತಾಗಿ ಇರೋ ಗಟ್ಟಿ ಬುಡ, ಕಾಲುಗಳೆಲ್ಲ ಅಂಟ್ಕೊಂಡಿರೋದು, ಅದನ್ನ ಒಂದು ಬೆರಳು ದಪ್ಪಕ್ಕೆ ಬಿಲ್ಲೆ ಕುಯ್ದು ಬೆಣ್ಣೇಲಿ ಎರಡೂ ಕಡೆ ಕೆಂಪಗೆ ಸುಟ್ಟು ಮೇಲೆ ಎರಡು ಹನಿ ಸೋಯಾ ಸಾಸ್ ಬಿಡಿ. ನನ್ನ ಮಗಳು ಬೇರೆ ಅಣಬೆ ಮುಟ್ಟಲ್ಲ, ಇದಕ್ಕೆ ಜಗಳ ಆಡ್ತಾಳೆ.

ಪಥ್ಯದಕ್ಕ:

ಮೈಸೂರಲ್ಲಿ ಡಯಟೀಷಿಯನ್ ಆಗಿ ಕೆಲ್ಸ ಮಾಡ್ತೀನಿ, ಸತ್ವದ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಯಾಕಂದ್ರೆ ಇದ್ರ ಬಗ್ಗೆ ನೆಟ್ಟಲ್ಲಿ ಬರೋದು ಓದಿದ್ರೆ ಸಂಜೀವಿನಿ ಬೆಟ್ಟಾನೇ ಹೊತ್ಕೊಂಡು ಬಂದಂಗಿರತ್ತೆ.

100 ಗ್ರಾಂ ಹಸಿ ಎನೊಕೀಲಿ ಸುಮಾರು 88 ಗ್ರಾಂ ನೀರು, ಅಲ್ಲಿಗೆ ನಿಮ್ಮ ಅನುಮಾನ ಮುಕ್ಕಾಲು ಸರಿ. ಉಳಿದದ್ರಲ್ಲಿ 37 ಕ್ಯಾಲರಿ, ಪ್ರೋಟೀನ್ 2.7 ಗ್ರಾಂ, ನಾರು ಕೂಡ 2.7 ಗ್ರಾಂ, ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಅಣಬೆ ಅಂದ್ರೆ ಸಸ್ಯಾಹಾರಿಗಳ ಮಾಂಸ ಅಂತಾರಲ್ಲ, ಆ ಮಾತು ನಂಬಿ ಬೇಳೆ ಬಿಟ್ಬಿಡಬೇಡಿ, ಒಂದು ಲೋಟ ಹಾಲಲ್ಲೇ ಆರು ಗ್ರಾಂ ಮೇಲೆ ಪ್ರೋಟೀನ್ ಇರತ್ತೆ. ಇದ್ರಲ್ಲಿ ನಿಜವಾಗಿ ಗಟ್ಟಿಯಾಗಿರೋದು ಬಿ ಗುಂಪಿನ ವಿಟಮಿನ್ನು, ಅದ್ರಲ್ಲೂ ನಿಯಾಸಿನ್. 100 ಗ್ರಾಂಗೆ ಸುಮಾರು 7 ಮಿಲಿಗ್ರಾಂ, ಹೆಂಗಸರಿಗೆ ದಿನಕ್ಕೆ ಬೇಕಾಗೋದ್ರಲ್ಲಿ ಅರ್ಧದಷ್ಟಾಯ್ತು, ತರಕಾರಿ ಲೆಕ್ಕದಲ್ಲಿ ಅದು ದೊಡ್ಡದೇ. ಬಿ1 0.2 ಮಿಲಿಗ್ರಾಂ ಮೇಲೆ, ಫೋಲೇಟ್ ಸುಮಾರು 48 ಮೈಕ್ರೋಗ್ರಾಂ, ಕಬ್ಬಿಣ 1 ಮಿಲಿಗ್ರಾಂ ಚಿಲ್ಲರೆ. ಪೊಟಾಶಿಯಂ 359 ಮಿಲಿಗ್ರಾಂ, ತೂಕಕ್ಕೆ ತೂಕ ನೋಡಿದ್ರೆ ಬಾಳೆಹಣ್ಣಿನಷ್ಟೇ. ಹಾಗಾಗಿ ಕಿಡ್ನಿ ತೊಂದ್ರೆಗೆ ಪಥ್ಯದಲ್ಲಿರೋರು ಅಣಬೆ ತಾನೆ ಅಂತ ಬಟ್ಟಲುಗಟ್ಲೆ ತಿನ್ನಬಾರದು.

ಬಿ ವಿಟಮಿನ್ನು, ಪೊಟಾಶಿಯಂ ಎರಡೂ ನೀರಲ್ಲಿ ಕರಗೋವು. ಬೇಯಿಸಿ ನೀರು ಬಸಿದು ಚೆಲ್ಲಿದ್ರೆ ಸತ್ವ ಸಿಂಕಿಗೆ ಹೋಯ್ತು ಅಂತ್ಲೇ ಲೆಕ್ಕ, ಸೂಪು ಸಾರು ಮಾಡಿ ಕುಡಿಯೋದೇ ಬುದ್ಧಿವಂತಿಕೆ, ಜಪಾನೋರು ಅದನ್ನೇ ಮಾಡ್ತಿರೋದು. ಬಿ12 ಇದ್ರಲ್ಲಿ ಸಿಗಲ್ಲ, ಅದಕ್ಕೆ ಹಾಲು ಮೊಸರು ಮೊಟ್ಟೇನೆ ಗತಿ. ವಿಟಮಿನ್ ಡಿ ಸಿಗತ್ತೆ ಅಂತ ಬರೀತಾರೆ, ಕತ್ತಲೇಲಿ ಬೆಳೆದಿದ್ದಕ್ಕೆ ಎಲ್ಲಿಂದ ಬರಬೇಕು, ಇದ್ರೂ ಚೂರುಪಾರು. ಆದ್ರೆ ಬಿಡಿಸಿ ಬಿಸಿಲಿಗೆ ಹರವಿ ಒಣಗಿಸಿದ್ರೆ ಅಣಬೇಲಿರೋ ಎರ್ಗೊಸ್ಟೆರಾಲ್ ಅನ್ನೋದು ವಿಟಮಿನ್ ಡಿ2 ಆಗಿ ಬದಲಾಗತ್ತೆ, ಅದು ನಿಜ. ಸಂಡಿಗೆ ಒಣಗಿಸಿ ಅಭ್ಯಾಸ ಇರೋರಿಗೆ ಕಷ್ಟ ಏನಿಲ್ಲ.

ಬಫಲೋ_ಗೌಡ:

ಅಡುಗೆ ಯಾಕ್ರೀ, ಹಸೀನೇ ತಿನ್ನಿ. ನಾನು ಅಮೆರಿಕಾಲಿ ಇರೋದು, ಇಲ್ಲಿ ಚೈನೀಸ್ ಅಂಗಡೀಲಿ ತಂದು ಸೌತೆಕಾಯಿ ಕೋಸಂಬರಿ ಮಾಡ್ತೀನಲ್ಲ ಅದಕ್ಕೇ ಒಂದು ಹಿಡಿ ಹಸಿ ಎನೊಕಿ ಹಾಕಿ ನಿಂಬೆಹಣ್ಣು ಹಿಂಡಿ ಇಂಗಿನ ಒಗ್ಗರಣೆ ಕೊಟ್ರೆ ಆಯ್ತು, ಎರಡು ನಿಮಿಷದ ಕೆಲಸ. ಬೇಯಿಸಿದ್ರೆ ವಿಟಮಿನ್ ಹೋಗತ್ತೆ ಅಂತ ಮೇಲೆ ಮೇಡಮ್ಮೇ ಹೇಳ್ತಿದಾರಲ್ಲ.

ನಿಶಿಕಸಾಯ್_ಸೊಸೆ:

ಅಬ್ಬಾ ಎಷ್ಟು ವಿಷಯ, ಎಲ್ರಿಗೂ ಥ್ಯಾಂಕ್ಸ್. ಕೋಸಂಬರಿ ಐಡಿಯಾ ಚೆನ್ನಾಗಿದೆ, ಇವತ್ತೇ ಮಾಡ್ತೀನಿ, ನಂಗೆ ಹುಳಿ ಹುಳಿ ಏನಾದ್ರೂ ಬೇಕು ಅನ್ಸತ್ತೆ ಯಾವಾಗ್ಲೂ. ಹೇಳೋದು ಮರೆತೆ, ಐದನೇ ತಿಂಗಳು ನಡೀತಿದೆ, ಅದಕ್ಕೇ ಸತ್ವದ ಬಗ್ಗೆ ಅಷ್ಟೊಂದು ಕೇಳಿದ್ದು.

ಧಾರವಾಡ_ಪೇಡೆ:

ತಂಗೀ, ಕೋಸಂಬರಿ ಮಾಡಬ್ಯಾಡ. ನಿಂದ್ರು, ಮೊದಲ ಇದನ್ನ ಓದು.

ನಾ ಸೋಲ್ ಹತ್ರ ಸುವನ್ ಅನ್ನೂ ಊರಾಗ ಇರತೀನಿ, ಕೊರಿಯಾದಾಗ. ಇಲ್ಲೆ ಇದಕ್ಕ ಪೆಂಗಿ ಬೊಸೊತ್ ಅಂತಾರ, ದಿನಾ ತಿಂತೀವಿ, ಆದ್ರ ಹಸೀದು ಯಾರೂ ತಿನ್ನೂದಿಲ್ಲ. 2020ರ ಮಾರ್ಚ್‌ನ್ಯಾಗ ಅಮೆರಿಕಾದಾಗ ಕೊರಿಯಾದ ಎನೊಕಿಯಿಂದ ಲಿಸ್ಟೀರಿಯಾ ಅನ್ನೂ ಬ್ಯಾಕ್ಟೀರಿಯಾ ಹಬ್ಬೇತಿ ಅಂತ ಗೊತ್ತಾತು, 17 ರಾಜ್ಯದಾಗ 36 ಮಂದಿಗೆ ಜಡ್ಡಾಗಿ 4 ಮಂದಿ ತೀರಕೊಂಡ್ರು, ಬಸುರಿದ್ದ ಹೆಣ್ಮಕ್ಕಳಾಗ ಇಬ್ಬರಿಗೆ ಗರ್ಭ ಹೋತು. 2022ರ ಕೊನೀಗೆ ಮತ್ತ ಹಂಗ ಪ್ರಕರಣ ಬಂದುವು. 2020ರ ಆ ಗದ್ದಲ ಆದ ಮ್ಯಾಲೆ ಇಲ್ಲೆ ಪ್ಯಾಕೆಟ್ ಮ್ಯಾಲೆನ ಕಾಸಿ ತಿನ್ನ್ರಿ ಅಂತ ಬರದಿರ್ತಾರ. ಬ್ಯಾರೆ ಬ್ಯಾಕ್ಟೀರಿಯಾ ಫ್ರಿಜ್ಜಿನಾಗ ಸುಮ್ಮ ಮಲಗತಾವ, ಇದು ಹಂಗಲ್ಲ, ಥಂಡ್ಯಾಗ ಬೆಳೀತೈತಿ. ಎನೊಕಿ ಹುಟ್ಟಿ ಬೆಳೆಯೂದ ಥಂಡ್ಯಾಗ, ಬರೂದ ಥಂಡ್ಯಾಗ, ಅದಕ್ಕ ಇಬ್ಬರಿಗೂ ಜೋಡಿ ಕೂಡೇತಿ ನೋಡ್ರಿ.

ಬಸುರಿ ಹೆಣ್ಮಕ್ಕಳಿಗೆ ಸಾದಾ ಜ್ವರ, ಮೈಕೈ ನೋವು ಬಂದಂಗಾಗಿ ಹೋಗತೈತಿ, ಪೆಟ್ಟು ಬೀಳೂದು ಕೂಸಿಗೆ. ತಿಂದ ಮ್ಯಾಲೆ ಎಷ್ಟೋ ವಾರಕ್ಕ ಕಾಣಿಸಬಹುದು, ಅಷ್ಟೊತ್ತಿಗೆ ಏನ ತಿಂದಿದ್ವಿ ಅನ್ನೂದ ನೆನಪಿರೂದಿಲ್ಲ. ಕುದಿಸಿದ್ರ ಸಾಯತೈತಿ, ಹೆದರೂದ ಬ್ಯಾಡ, ಪೂರಾ ಬೇಯಿಸಿ ಆರಾಮ ತಿನ್ನು.

ಬಫಲೋ_ಗೌಡ:

ಅಯ್ಯೋ, ಅವ್ರು ಬಸುರಿ ಅಂತ ಗೊತ್ತಿದ್ರೆ ನಾನು ಹೇಳ್ತಿರ್ಲಿಲ್ಲ ಮೇಡಂ, ಕ್ಷಮಿಸಿ. ಆದ್ರೂ ನಾನು ಎರಡು ವರ್ಷದಿಂದ ತಿಂತಿದೀನಿ, ಕಲ್ಲು ಗುಂಡಿನ ಹಾಗೆ ಇದೀನಿ. ಉಪ್ಪು ಅರಿಶಿನ ನೀರಲ್ಲಿ ತೊಳೆದ್ರೆ ಸಾಕಾಗಲ್ವಾ?

ಧಾರವಾಡ_ಪೇಡೆ:

ಸಾಕಾಗೂದಿಲ್ಲ ಗೌಡ್ರ. ಅದು ನೂರಾರು ಕಡ್ಡಿ ಒತ್ತೊತ್ತಿಗೆ ನಿಂತ ಪೊರಕಿ ಇದ್ದಂಗ, ನೀರು ಒಳಗ ಹೋಗೂದ ಕಷ್ಟ, ಅರಿಶಿಣ ಏನ ಮಾಡತೈತಿ. ಹೆಲ್ಮೆಟ್ ಇಲ್ಲದ ಎರಡು ವರ್ಷ ಗಾಡಿ ಹೊಡದೀನಿ ಏನೂ ಆಗಿಲ್ಲ ಅನ್ನವರನ್ನೂ ನೋಡೇನಿ ನಾ.

ಪಥ್ಯದಕ್ಕ:

ಸರಿಯಾಗಿ ಹೇಳಿದ್ರಿ ಧಾರವಾಡದೋರೆ, ನಾನೇ ಮೊದಲು ಬರೀಬೇಕಿತ್ತು. ಗೌಡ್ರೆ, ನಾನು ಹೇಳಿದ್ದು ಬಸಿದ ನೀರು ಚೆಲ್ಲಬೇಡಿ ಅಂತ, ಬೇಯಿಸಬೇಡಿ ಅಂತಲ್ಲ. ನಿಯಾಸಿನ್ ಬಿಸಿಗೆಲ್ಲ ಜಗ್ಗೋ ಪೈಕಿ ಅಲ್ಲ, ನೀರಿಗೆ ಇಳಿಯತ್ತೆ ಅಷ್ಟೇ, ಆ ನೀರು ಕುಡಿದ್ರೆ ಎಲ್ಲೂ ಹೋಗ್ಲಿಲ್ಲ. ಇನ್ನೊಂದು, ಬ್ಯಾಕ್ಟೀರಿಯಾ ಬಿಡಿ, ಹಸಿ ಎನೊಕೀಲಿ ಫ್ಲಾಮ್ಯುಟಾಕ್ಸಿನ್ ಅಂತ ಒಂದು ಪ್ರೋಟೀನ್ ಇದೆ, ಕೆಂಪು ರಕ್ತಕಣ ಒಡೆಯೋ ಗುಣ ಅದಕ್ಕೆ, ಬಿಸಿಗೆ ಕೆಡತ್ತೆ. ಬಸುರಿ, ಅರವತ್ತೈದು ದಾಟಿದೋರು, ಕೀಮೋ ತಗೊಳ್ತಿರೋರು, ಇವ್ರಂತೂ ಹಸಿ ಎನೊಕಿ ಮುಟ್ಟಲೇಬಾರದು. ಇನ್ನೊಂದು ನೆನಪಿಡಿ, ಹಸಿ ಎನೊಕಿ ಹೆಚ್ಚಿದ ಮಣೆ ಚಾಕು ತೊಳೀದೆ ಅದ್ರಲ್ಲೇ ಸೌತೆಕಾಯಿ ಹೆಚ್ಚಬೇಡಿ, ಬೇಯಿಸಿದ್ರೂ ಆ ದಾರೀಲಿ ಬರತ್ತೆ.

ಸೊಸೆಗೆ ಒಂದು ಮಾತು, ಫೋಲೇಟ್ ಇದೆ ಅಂದ್ನಲ್ಲ, ಆ ಧೈರ್ಯಕ್ಕೆ ಡಾಕ್ಟ್ರು ಕೊಟ್ಟ ಮಾತ್ರೆ ಬಿಟ್ಬಿಡಬೇಡಮ್ಮ. ಬಸುರೀಲಿ ಬೇಕಾಗೋ ಲೆಕ್ಕಕ್ಕೆ 48 ಮೈಕ್ರೋಗ್ರಾಂ ಹಲ್ಲಿಗೂ ಸಾಲಲ್ಲ. ಹುಳಿ ಬೇಕು ಅನ್ಸಿದ್ರೆ ಕುದಿಸಿದ ಎನೊಕಿ ತಣಿಸಿ ನಿಂಬೆಹಣ್ಣು ಹಿಂಡ್ಕೋ, ಏನ್ ಕಮ್ಮಿ ಆಗತ್ತೆ.

ಕುಡ್ಲದ_ಬೊಂಡ:

ಎಲ್ಲ ಹೆದರಿಸ್ಲಿಕ್ಕೇ ಶುರು ಮಾಡಿದ್ರಲ್ಲ ಮಾರಾಯ್ರೆ, ಆ ಹುಡುಗಿ ಕೇಳಿದ್ದು ಅಡುಗೆ. ಸುಕ್ಕ ಮಾಡಿ. ನಮ್ಮಲ್ಲಿ ಮಳೆಗಾಲ ಶುರು ಆಗುವಾಗ ಕಲ್ಲಣಬೆ ಬರ್ತದೆ, ಗುಂಡು ಗುಂಡು, ಕಚ್ಚಿದ್ರೆ ಟಪ್ ಅಂತ ಒಡೀತದೆ, ಅದ್ರ ಸುಕ್ಕಕ್ಕೆ ಕಾದು ಕೂತಿರುವವರು ನಾವು. ಅದೇ ಮಸಾಲೆ ಇದಕ್ಕೂ ಹಾಕುದು. ಕೊತ್ತಂಬರಿ, ಜೀರಿಗೆ, ಬ್ಯಾಡಗಿ ಮೆಣಸು ಹುರಿದು ತೆಂಗಿನಕಾಯಿ ಜೊತೆ ತರಿ ತರಿ ಮಾಡಿ, ಮತ್ತೆ ಎನೊಕಿ ಹಾಕಿ ನೀರು ಆರುವ ತನಕ ಹುರಿಯುದು. ಬೆಂಗಳೂರಲ್ಲಿ ನಾನು ಮಾಡಿದ್ದೇನೆ, ಒಳ್ಳೆದುಂಟು.

ಹಿಮದೂರಿನವ:

ಬೊಂಡ ಅವ್ರೆ, ಬೇಜಾರಾಗ್ಬೇಡಿ, ಆ ಸುಕ್ಕದಲ್ಲಿ ಎನೊಕಿ ಎಲ್ಲಿತ್ತು? ಒಳ್ಳೆದಿದ್ದದ್ದು ತೆಂಗಿನಕಾಯಿ. ಹುತ್ತದ ಅಣಬೆಗೋ ನಿಮ್ಮ ಕಲ್ಲಣಬೆಗೋ ಕೊಡಗಿನ ಕುಮ್ಮಿಗೋ ಅದರದ್ದೇ ಮಣ್ಣಿನ ಘಮ ಇದೆ, ಮಸಾಲೆ ಎದುರು ನಿಲ್ಲತ್ತೆ. ಎನೊಕಿ ಪಾಪ ಬಾಟಲೀಲಿ ಹುಟ್ಟಿದ್ದು, ಅದ್ರ ಹತ್ರ ಇರೋದು ಎರಡೇ, ಕರುಕ್ ಅನ್ನೋದು ಮತ್ತೆ ನಾಲಿಗೆ ಮೇಲೆ ಸ್ವಲ್ಪ ಹೊತ್ತು ನಿಲ್ಲೋ ಸಿಹಿ ಮಿಶ್ರಿತ ಉಮಾಮಿ, ಅಂದ್ರೆ ಸಾರಿನ ಥರದ ಗಾಢ ರುಚಿ. ಇವೆರಡನ್ನೂ ಮುಚ್ಚೋ ಅಡುಗೆ ಮಾಡೋದಾದ್ರೆ ಅಲ್ಲಿ ಬೀನ್ಸ್ ಹಾಕಬಹುದಿತ್ತು.

ಕುಡ್ಲದ_ಬೊಂಡ:

ತರಕಾರಿಗೆ ಅಲ್ಲಿ ಎಷ್ಟು ಕ್ರಯ ಅಂತ ಆಕೆಯೇ ಹೇಳಿದ್ದಾಳಲ್ಲ!! ಇರ್ಲಿ, ಹಾಗಾದ್ರೆ ಪೋಡಿ (ಬಜ್ಜಿ) ಮಾಡಿ, ಅದಕ್ಕೆ ನಿಮ್ಮ ತಕರಾರು ಇರ್ಲಿಕ್ಕಿಲ್ಲ. ಕಡ್ಲೆಹಿಟ್ಟು ಹಾಕ್ಬೇಡಿ, ಭಾರ ಆಗ್ತದೆ, ಅಕ್ಕಿಹಿಟ್ಟು ಎರಡು ಪಾಲು, ಕಾರ್ನ್‌ಫ್ಲೋರ್ ಒಂದು ಪಾಲು, ಉಪ್ಪು, ಖಾರದ ಪುಡಿ, ಚಿಟಿಕೆ ಇಂಗು, ತಣ್ಣೀರಲ್ಲಿ ತೆಳ್ಳಗೆ ಕಲಸಿ. ಎನೊಕಿ ಬಿಡಿ ಬಿಡಿ ಮಾಡ್ದೆ ಬೀಸಣಿಗೆ ಹಾಗೆ ಚಪ್ಪಟೆ ಹರಡಿ ಅದ್ದಿ ಬಿಸಿ ಎಣ್ಣೆಗೆ ಬಿಡುದು. ಕಟ್ಟು ದಪ್ಪ ಇದ್ರೆ ಹೊರಗೆ ಕೆಂಪು, ಒಳಗೆ ಹಸಿ, ಬಸುರಿಗೆ ಅದು ಬೇಡ. ಮಳೆ ಬರುವಾಗ ಚಾ ಜೊತೆ, ಮತ್ತೆ ಹೇಳಿ.

ಹಿಮದೂರಿನವ:

ಪೋಡಿಗೆ ಶರಣು. ಒದ್ದೆ ಇರ್ಬಾರ್ದು ಅಷ್ಟೆ, ಸಿಡಿಯತ್ತೆ.

ಧಾರವಾಡ_ಪೇಡೆ:

ಕೊರಿಯಾದವರು ಮಾಡೂ ಜೊನ್ ಅಂತ ಐತಿ, ಎಣ್ಣಿ ಕಮ್ಮಿ ಬೇಕನ್ನವರಿಗೆ ಅದ ಚಲೋ. ಎನೊಕಿ ಸಣ್ಣ ಹೆಚ್ಚಿ, ಎರಡು ತತ್ತಿ, ಉಳ್ಳಾಗಡ್ಡಿ ತಪ್ಪಲಾ, ಹಸಿಮೆಣಸಿನಕಾಯಿ, ಉಪ್ಪು ಕೂಡಿಸಿ ಹಂಚಿನ ಮ್ಯಾಲೆ ಸಣ್ಣ ಸಣ್ಣ ಹುಯ್ದು ಎರಡೂ ಬದಿ ಬೇಯಿಸೂದು. ತತ್ತಿ ಬ್ಯಾಡಂದ್ರ ಕಡ್ಲಿಹಿಟ್ಟಿನ ದ್ವಾಶಿ ಹಾಕ್ತೀವಲ್ಲ ಅದಕ್ಕ ಹಾಕ್ರಿ, ನನ್ನ ಹೆಂಡ್ತಿ ಹಂಗ ಮಾಡ್ತಾಳ. ಮತ್ತ ಯೂಟ್ಯೂಬಿನಾಗ ಕೆಂಪನ ಸಾಸಿನಾಗ ಒಂದಿಡೀ ಕಟ್ಟು ಅದ್ದಿ ಕರಕರ ಕಚ್ಚತಾರಲ್ಲ, ಅದನ್ನ ನೋಡಿ ಮಾಡಾಕ ಹೋಗಬ್ಯಾಡ್ರಿ. ಉದ್ದ ಎಳಿ ಹಂಗ ನುಂಗಿದ್ರ ಹೊಟ್ಟ್ಯಾಗ ಕರಗೂದಿಲ್ಲ. ಚೀನಾದವರು ಇದಕ್ಕ ನಾಳೆ ಸಿಗೂಣು ಅಣಬೆ ಅಂತ ಚ್ಯಾಷ್ಟಿ ಮಾಡ್ತಾರ, ಯಾಕಂತ ನಾ ಬಿಡಿಸಿ ಹೇಳೂದಿಲ್ಲ, ನಾಳೆ ಮುಂಜಾನೆ ನಿಮಗ ತಿಳೀತೈತಿ.

ಪಥ್ಯದಕ್ಕ:

ಹಹಹ. ಅದು ಕೈಟಿನ್. ಏಡಿ ಚಿಪ್ಪು ಸಿಗಡಿ ಸಿಪ್ಪೇಲಿ ಇರೋ ಅದೇ ವಸ್ತು ಅಣಬೆಯ ಜೀವಕೋಶದ ಗೋಡೇಲೂ ಇದೆ, ನಮ್ಮ ಹೊಟ್ಟೆ ಅದನ್ನ ಅಷ್ಟು ಸುಲಭಕ್ಕೆ ಒಡೆಯಲ್ಲ. ಕೆಟ್ಟದ್ದೇನಲ್ಲ, ನಾರಿನ ಕೆಲಸ ಮಾಡತ್ತೆ. ಸಣ್ಣಗೆ ಹೆಚ್ಚಿ, ಅಗಿದು ತಿಂದ್ರೆ ಒಳಗಿನ ಸತ್ವ ಸಿಗತ್ತೆ, ಇಲ್ಲಾಂದ್ರೆ ಬಂದ ದಾರಿಗೆ ಸುಂಕ ಇಲ್ಲ.

ಹಿಮದೂರಿನವ:

ಅದಕ್ಕೆ ಇಲ್ಲಿನೋರು ಒಂದು ಉಪಾಯ ಮಾಡ್ತಾರೆ, ಫ್ರೀಜರ್. ಬುಡ ತೆಗೆದು, ಬಿಡಿಸಿ, ಜಿಪ್ ಚೀಲದಲ್ಲಿ ತೆಳ್ಳಗೆ ಹರವಿ ಫ್ರೀಜರಿಗೆ ಹಾಕಿ. ಒಳಗಿನ ನೀರು ಮಂಜಾಗಿ ಜೀವಕೋಶದ ಗೋಡೆ ಒಡೆಯತ್ತೆ, ಬೇಯಿಸಿದಾಗ ರುಚಿ ಸಾರಿಗೆ ಬೇಗ ಇಳಿಯತ್ತೆ. ಕರಗಿಸೋದು ಬೇಡ, ಹಾಗೇ ಕುದಿಯೋ ಸಾರಿಗೆ ಹಾಕಿ. ಮೂರು ಪ್ಯಾಕೆಟ್ ಏನ್ ಮಾಡೋದು ಅನ್ನೋದಕ್ಕೂ ಉತ್ತರ ಆಯ್ತು, ಒಂದು ತಿಂಗಳು ಇರತ್ತೆ. ಆದ್ರೆ ಫ್ರೀಜರ್ ಲಿಸ್ಟೀರಿಯಾನ ಸಾಯಿಸಲ್ಲ, ಅದನ್ನ ನೆನಪಿಟ್ಕೊಳ್ಳಿ.

ನಕಾನೊದೋರು ಇದನ್ನ ಇನ್ನೂ ಮುಂದಕ್ಕೆ ಒಯ್ದು ಎನೊಕಿ ನೀರಿಗೆ ಹಾಕಿ ಮಿಕ್ಸೀಲಿ ರುಬ್ಬಿ, ಸಣ್ಣ ಉರೀಲಿ ಒಂದು ಗಂಟೆ ಕುದಿಸಿ, ಐಸ್ ಟ್ರೇಗೆ ಹುಯ್ದು ಎನೊಕಿ ಐಸ್ ಅಂತ ಮಾಡಿದ್ರು. ಟಿವೀಲಿ ಬಂದು ಹುಚ್ಚು ಹಿಡಿಸಿಬಿಡ್ತು ಒಂದು ಕಾಲದಲ್ಲಿ, ತೂಕ ಇಳಿಯತ್ತೆ ಅಂತ. ನನ್ನ ತೂಕ ಇಳೀಲಿಲ್ಲ. ಆದ್ರೆ ತಿಳಿಸಾರಿಗೆ ಒಂದು ತುಂಡು ಹಾಕಿದ್ರೆ ಸಾರಿಗೊಂದು ಮೈ ಬರತ್ತೆ, ಅದಕ್ಕೋಸ್ಕರ ಈಗ್ಲೂ ಮಾಡಿಡ್ತೀನಿ.

ಈಗ ಮೀನಿಲ್ಲದ ಮಿಸೊ ಸೂಪು. ಕೊಂಬು ಅನ್ನೋ ಒಣಗಿದ ಕಡಲ ಪಾಚಿ ಎಲ್ಲಾ ಅಂಗಡೀಲೂ ಸಿಗತ್ತೆ, ಗೇಣುದ್ದದ ತುಂಡು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಜೊತೆಗೆ ಎರಡು ಒಣ ಶಿಟಾಕೆ ಅಣಬೆ, ಫ್ರಿಜ್ಜಲ್ಲೇ ಇಡಿ. ಬೆಳಿಗ್ಗೆ ಬಿಸಿ ಮಾಡಿ ಕುದಿ ಬರೋ ಮುಂಚೆ ಕೊಂಬು ತೆಗೀರಿ, ಕುದ್ರೆ ಲೋಳೆ ವಾಸನೆ ಬರತ್ತೆ. ಉಮಾಮಿ ಅಂತ ಒಂದು ರುಚಿ ಇದೆ ಅಂತ 1908ರಲ್ಲಿ ಇಕೆದಾ ಕಿಕುನಾಯೆ ಅನ್ನೋ ವಿಜ್ಞಾನಿ ಕಂಡುಹಿಡಿದಿದ್ದೇ ಈ ಕೊಂಬು ನೀರಿಂದ. ಕೊಂಬಿನದ್ದು ಒಂಥರ ಉಮಾಮಿ, ಶಿಟಾಕೆದು ಇನ್ನೊಂಥರ, ಎರಡೂ ಸೇರಿದ್ರೆ ಒಂದಕ್ಕೆ ನಾಲ್ಕರಷ್ಟು ಅನ್ಸತ್ತೆ ನಾಲಿಗೆಗೆ. ಇಲ್ಲಿನ ಬೌದ್ಧ ದೇವಸ್ಥಾನಗಳಲ್ಲಿ ಶೋಜಿನ್ ಅಡುಗೆ ಅಂತ ಮಾಡ್ತಾರೆ, ಮೀನು ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳೀನೂ ಇಲ್ಲ, ನಮ್ಮ ಮಡಿ ಅಡುಗೆ ಲೆಕ್ಕಾನೇ, ಅವ್ರು ಬಳಸೋದೂ ಇದೇ ನೀರು. ಇದಕ್ಕೆ ತೋಫು, ಎನೊಕಿ ಹಾಕಿ ಎರಡು ಮೂರು ನಿಮಿಷ ಕುದಿಸಿ, ಒಲೆ ಆರಿಸಿದ ಮೇಲೆ ಮಿಸೊ ಕದಡಿ. ಮಿಸೊ ಡಬ್ಬಿ ಕೊಳ್ಳುವಾಗ್ಲೂ ದಾಶಿ ಸೇರಿಸಿದ್ದು ಅಂತ ಇದ್ರೆ ಬಿಟ್ಬಿಡಿ, ಅದ್ರಲ್ಲಿ ಮತ್ತೆ ಕತ್ಸುಓನೇ ಬಂದಿರತ್ತೆ.

ಕೊನೇದಾಗಿ ನಮೆತಾಕೆ. ಬಾಟಲೀಲಿ ಕಂದು ಬಣ್ಣದ ಲೋಳೆ ಲೋಳೆ ಇರತ್ತಲ್ಲ, ಅದು ಎನೊಕೀನೆ, ಆದ್ರೆ ಅಂಗಡೀದು ಕೊಳ್ಳಬೇಡಿ, ಹೆಚ್ಚಿನದ್ರಲ್ಲಿ ಮೀನಿನ ಸಾರ ಇರತ್ತೆ. ಮನೇಲಿ ಹತ್ತು ನಿಮಿಷದ ಕೆಲ್ಸ. 200 ಗ್ರಾಂ ಎನೊಕಿ ಮೂರು ತುಂಡು ಮಾಡಿ ಬಾಣಲೆಗೆ ಹಾಕಿ, ಎರಡು ಚಮಚ ಸೋಯಾ ಸಾಸು, ಒಂದು ಚಮಚ ಬೆಲ್ಲ, ನಾಲ್ಕು ಚಮಚ ನೀರು, ದೊಡ್ಡ ಚಮಚ ಲೆಕ್ಕ. ಇಲ್ಲಿನೋರು ಬೆಲ್ಲದ ಬದ್ಲು ಮಿರಿನ್ ಹಾಕ್ತಾರೆ, ಅದ್ರಲ್ಲಿ ಆಲ್ಕೋಹಾಲ್ ಇರೋದ್ರಿಂದ ನಿಮಗೆ ಬೆಲ್ಲಾನೇ ವಾಸಿ. ಏಳೆಂಟು ನಿಮಿಷ ಕುದಿಸ್ತಾ ಇದ್ರೆ ಅಣಬೆ ತಾನೇ ಗೊಜ್ಜಿನ ಥರ ಗಟ್ಟಿ ಆಗತ್ತೆ, ಹಿಟ್ಟು ಗಿಟ್ಟು ಏನೂ ಬೇಡ. ಇಳಿಸಿ ನಾಲ್ಕು ಹನಿ ನಿಂಬೆರಸ. ಜಪಾನೋರು ಬಿಸಿ ಅನ್ನದ ಮೇಲೆ ಹಾಕ್ಕೊಳ್ತಾರೆ. ನಾನು ಮೊಸರನ್ನಕ್ಕೆ. ಇದನ್ನ ಇಲ್ಲಿ ಯಾರಿಗೂ ಹೇಳಿಲ್ಲ.

ಹೆಸರಘಟ್ಟ_ಹೈದ:

ಸಿಂಪಲ್ ಡೌಟು ಒಂದು. ನಾನು ನಮ್ಮೂರ ತೋಟಗಾರಿಕೆ ಸಂಶೋಧನಾ ಸಂಸ್ಥೇಲಿ ಟ್ರೇನಿಂಗ್ ತಗೊಂಡು ಶೆಡ್ಡಲ್ಲಿ ಚಿಪ್ಪಣಬೆ ಬೆಳೀತಿದೀನಿ, ಭತ್ತದ ಹುಲ್ಲಲ್ಲಿ ಆರಾಮಾಗಿ ಬರತ್ತೆ. ಬೆಂಗಳೂರಲ್ಲಿ ಈಗ ಎನೊಕಿ ಕೇಳೋರು ಜಾಸ್ತಿ ಆಗಿದಾರೆ, ಇದನ್ನೂ ಮಾಡಬಹುದಾ ಅಂತ ತಲೇಲಿ ಹುಳ ಬಿಟ್ಕೊಂಡಿದೀನಿ.

ಹಿಮದೂರಿನವ:

ಬೀಜ ಹಬ್ಬೋ ತನಕ ನಿಮ್ಮ ಹವಾ ನಡೆಯತ್ತೆ, ಆಮೇಲೆ ಕಾಯಿ ಕಟ್ಟಿಸೋಕೆ 15 ಡಿಗ್ರಿ ಒಳಗೆ, ಉದ್ದ ಎಳೆಯೋಕೆ ಇನ್ನೂ ತಣ್ಣಗೆ, 10ರ ಕೆಳಗೆ ವಾರಗಟ್ಲೆ ಬೇಕು. ಅಂದ್ರೆ ಶೆಡ್ ಅಲ್ಲ, ಕೋಲ್ಡ್ ಸ್ಟೋರೇಜ್. ಕರೆಂಟ್ ಬಿಲ್ಲೇ ನಿಮ್ಮನ್ನ ತಿಂದುಹಾಕತ್ತೆ. ಚಿಪ್ಪಣಬೆ, ಹಾಲಣಬೆ ಬಿಡಬೇಡಿ.

ಇದನ್ನ ಓದಿ ಯಾರಾದ್ರೂ ಹೊರದೇಶದಲ್ಲಿ ಕಾಡಲ್ಲಿ ಎನೊಕಿ ಹುಡುಕೋಕೆ ಹೋಗ್ಬೇಡಿ ಮತ್ತೆ. ಕಾಡಿನ ಎನೊಕಿ ಥರಾನೇ ಕಾಣೋ ಗ್ಯಾಲರೀನ ಅನ್ನೋದೊಂದು ಅಣಬೆ ಅದೇ ಕೊಳೆತ ಮರದ ಮೇಲೇ ಏಳತ್ತೆ, ಲಿವರ್ ಹೋಗಿ ಸಾಯ್ತಾರೆ.

ನಿಶಿಕಸಾಯ್_ಸೊಸೆ:

ಅಪ್‌ಡೇಟು. ಒಂದು ಪ್ಯಾಕೆಟ್ ಫ್ರೀಜರಿಗೆ ಹೋಯ್ತು. ಒಂದು ಪೋಡಿ ಮಾಡ್ದೆ, ಬೀಸಣಿಗೆ ಥರ ಹರಡೋಕೆ ಬರ್ಲಿಲ್ಲ, ಜೇಡರ ಬಲೆ ಥರ ಆಯ್ತು, ಆದ್ರೂ ತಟ್ಟೆ ಖಾಲಿ. ಬುಡದ ಬಿಲ್ಲೆಗಳು ನಾನೊಬ್ಳೇ ನಿಂತ್ಕೊಂಡೇ ತಿಂದೆ, ಯಾರಿಗೂ ಉಳಿಸ್ಲಿಲ್ಲ. ಮೂರನೇದ್ರಲ್ಲಿ ನಮೆತಾಕೆ ಮಾಡಿ ಮೊಸರನ್ನಕ್ಕೆ ಹಾಕ್ಕೊಂಡ್ವಿ, ನಮ್ಮೆಜಮಾನ್ರು ಮೊದಲು ಗುಳಂಬನಾ ಅಂತ ಕೇಳಿದ್ರು, ಆಮೇಲೆ ಎರಡನೇ ಸಲ ಬಡಿಸ್ಕೊಂಡ್ರು, ಹಲ್ಲು ಚುಚ್ಕೊಳ್ಳಲಿಲ್ಲ.

ಅಜ್ಜಿಗೂ ಒಂದು ಡಬ್ಬಿ ಪೋಡಿ ಕೊಟ್ಟೆ. ಖಾರದ ಪುಡಿ ಕಮ್ಮಿ ಹಾಕಿದ್ದೆ, ಆದ್ರೂ ಅವ್ರ ಮುಖ ಕೆಂಪಾಯ್ತು, ಒಯಿಶಿ ಒಯಿಶಿ ಅಂತಾನೇ ಇದ್ರು, ರುಚಿಯಾಗಿದೆ ಅಂತಂತೆ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದ್ರೆ ಇನ್ನೂ ಐದು ಪ್ಯಾಕೆಟ್ ಇಟ್ಟಿದೆ. ಒಣಗಿಸೋಣ ಅಂದ್ರೆ ಬಾಲ್ಕನೀಲಿ ಬಿಸಿಲು ಹತ್ತರಿಂದ ಹನ್ನೆರಡು ಮಾತ್ರ ಬರತ್ತೆ, ಸಾಕಾಗತ್ತಾ ಪಥ್ಯದಕ್ಕ?

ಪಥ್ಯದಕ್ಕ:

ಡಿ ಬರೋಕೆ ಸಾಕು, ಪೂರ್ತಿ ಒಣಗೋಕೆ ಸಾಲಲ್ಲ. ಎರಡು ಗಂಟೆ ಬಿಸಿಲು ತೋರಿಸಿ ಅವತ್ತೇ ಸಾರಿಗೆ ಹಾಕಿ ಕುದಿಸು. ಅರ್ಧಂಬರ್ಧ ಒಣಗಿದ್ದನ್ನ ಡಬ್ಬೀಲಿ ಇಟ್ರೆ ಬೂಷ್ಟು ಬರತ್ತೆ.